ಕುಳ್ಳು ತಟ್ಟಿದ ಗೋಡೆ

ಗೋಡೆ ಮೊದಲೋ ಸುದ್ದಿ ಮೊದಲೋ, ನನಗೆ ಖಾತ್ರಿಯಿಲ್ಲ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನು ನಾನು ಸುದ್ದಿಯೇ ಮೊದಲು ಎಂಬಂತೆ ಹೇಳಿಕೊಂಡು ಬಂದಿದ್ದೇನೆ. ಡೋಣಿ ಎಂಬ ಊರಿನಿಂದಾಚೆ, ಕಪ್ಪತಗುಡ್ಡದ ಮಗ್ಗುಲಿನ ಒಂದು ಹಳ್ಳಿಯಲ್ಲಿ, ಒಬ್ಬ ಹೆಣ್ಣುಮಗಳಿಗೆ ಏಡ್ಸ್ ಇದೆಯೆಂದು ಊರು ಮಾತಾಡಿಕೊಂಡಿತು. ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದ ಅವಳನ್ನು ಕೆಲಸ ಬಿಡಿಸಲು ಹೊರಟಿತು. ಆಗ ನಾನು ಹೋಗಿ ಅವಳ ಪರ ನಿಂತೆ. ಈ ಕ್ರಮದಲ್ಲಿ ಹೇಳಿದರೆ ಕೇಳುವವರಿಗೂ ಹಿತ, ನನಗೂ ಹಿತ. ನನ್ನ ಅನುಮಾನ ಹುಟ್ಟಿದ್ದೇ ಅಲ್ಲಿ. ಧಾರವಾಡದಲ್ಲಿ ಸಮಾಜಶಾಸ್ತ್ರ ಓದಿದ ಎರಡು ವರ್ಷದ ಪಾಠಗಳೆಲ್ಲ ಮರೆತುಹೋದರೂ ಒಂದು ಚಟ ಉಳಿದಿದೆ: ಹೇಳುವವನು ಒಳ್ಳೆಯವನಾಗಿ ಕಾಣುವ ಕಥೆಯನ್ನು ಎರಡು ಸಲ ತಿರುವಿ ನೋಡುವುದು. ಬೇರೆಯವರ ಕಥೆಗಳನ್ನು ಬೇಕಾದಷ್ಟು ತಿರುವಿ ನೋಡಿದೆ. ನನ್ನದನ್ನು ಮುಟ್ಟಿರಲಿಲ್ಲ.

ಆದ್ದರಿಂದ ಇಲ್ಲಿ ನೆನಪಿರುವುದನ್ನು ನೆನಪಿದೆ ಎಂದೂ, ಇಲ್ಲದ್ದನ್ನು ಇಲ್ಲ ಎಂದೂ ಬರೆಯುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ, ಯಾರ ಹೆಸರೂ ಬರೆಯುವುದಿಲ್ಲ. ಆ ಊರಿನಲ್ಲಿ ಒಮ್ಮೆ ಬರೆದದ್ದೇ ಸಾಕಾಗಿದೆ.

ಜಿಲ್ಲೆ ಆಗ ಹೊಸದು. ಧಾರವಾಡದಿಂದ ಗದಗ ಬೇರೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಕಚೇರಿಗಳು ಎರವಲು ಕಟ್ಟಡಗಳಲ್ಲಿದ್ದವು, ಧಾರವಾಡದಿಂದ ಬಂದ ಕಡತಗಳ ಗಂಟುಗಳನ್ನು ಇನ್ನೂ ಬಿಚ್ಚಿರಲಿಲ್ಲ. ಊರೂರಿನ ಶಾಲೆ, ಠಾಣೆ, ಆಸ್ಪತ್ರೆಗಳ ಬೋರ್ಡಿನ ಮೇಲೆ ‘ಜಿ: ಧಾರವಾಡ’ ಎಂದಿದ್ದದ್ದನ್ನು ಅಳಿಸಿ ‘ಜಿ: ಗದಗ’ ಎಂದು ಬರೆಯಬೇಕಿತ್ತು. ಆ ಕೆಲಸ ಮಾಡುತ್ತಿದ್ದವರಲ್ಲಿ ಒಬ್ಬರು ಲಕ್ಷ್ಮೇಶ್ವರದಿಂದ ಬಂದು ಬೆಟಗೇರಿಯಲ್ಲಿ ನೆಲೆಸಿದ್ದ ಒಬ್ಬ ಪೇಂಟರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

“ಜಿಲ್ಲಾ ಮಾಡಿದವರು ಬೆಂಗಳೂರಾಗ ಇಲ್ಲರಿ ಸರ,” ಎಂದು ಅವರು ಬಣ್ಣದ ಡಬ್ಬಿ ಬಡಿದು ಹೇಳುತ್ತಿದ್ದರು, “ಈ ಡಬ್ಬ್ಯಾಗ ಅದಾರ. ನಾ ಬರಿಯೂತನಕ ಶಿರಹಟ್ಟಿ ಧಾರವಾಡ ಜಿಲ್ಲಾದಾಗ ಇತ್ತು.”

ನಾನು ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಏಡ್ಸ್ ಜಾಗೃತಿಯ ಪ್ರಚಾರಕ್ಕೆ ತಾತ್ಕಾಲಿಕ ಆಳುಗಳು ಬೇಕಿದ್ದರು. ಕೆಲಸ ಸರಳ: ಹೋಬಳಿಗಿಷ್ಟು ಗೋಡೆಬರಹ ಆಗಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಪೇಂಟರನ್ನು ಕರೆದುಕೊಂಡು ಹೋಗಿ, ಗೋಡೆ ಆರಿಸಿ, ಬರೆಸಿ, ಫೋಟೋ ತೆಗೆದು, ಪಟ್ಟಿ ಕೊಡಬೇಕು. ಏನು ಬರೆಯಬೇಕೆಂಬುದೂ ಮೇಲಿನಿಂದಲೇ ಬಂದಿತ್ತು. ‘ಏಡ್ಸ್: ಮದ್ದಿಲ್ಲ, ಮರಳಿ ಬಾಳಿಲ್ಲ. ಎಚ್ಚರ!’ ಪಕ್ಕದಲ್ಲಿ ಒಂದು ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಎರಡು ಎಲುಬು. ರೋಗ ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ, ಬಂದವರ ಜೊತೆ ಹೇಗಿರಬೇಕು ಎಂಬುದಕ್ಕೆ ಗೋಡೆಯಲ್ಲಿ ಜಾಗವಿರಲಿಲ್ಲ. ಬುರುಡೆಗೆ ಜಾಗವಿತ್ತು.

ಇನ್ನೊಂದು ನಮೂನೆಯ ಹಾಳೆಯೂ ಇತ್ತು. ಅದರಲ್ಲಿ ಕೊನೆಯ ಕಲಮು ‘ಕಂಡುಬಂದ ರೋಗಿಗಳು’. ಅಲ್ಲಿ ಎಲ್ಲರೂ ಸೊನ್ನೆ ಬರೆಯುತ್ತಿದ್ದರು. ನಾನೂ ಬರೆದೆ. ರಕ್ತ ಪರೀಕ್ಷೆಗೆ ನಮ್ಮ ಕಡೆಯವರು ಹುಬ್ಬಳ್ಳಿಗೆ ಹೋಗಬೇಕಿತ್ತು ಎಂದು ನನ್ನ ನೆನಪು. ಪರೀಕ್ಷೆಯೇ ಇಲ್ಲದ ಕಡೆ ರೋಗಿ ಎಲ್ಲಿಂದ ಕಂಡುಬರಬೇಕು? ಇದನ್ನು ಕಚೇರಿಯಲ್ಲಿ ಕೇಳಿದೆನೋ, ಕೇಳಬೇಕೆಂದುಕೊಂಡೆನೋ, ಈಗ ಹೇಳಲಾರೆ. ಕೇಳಿದೆ ಎಂದು ಹೆಂಡತಿಗೆ ಹೇಳಿದ್ದೇನೆ.

ಪ್ರಚಾರದ ಉದ್ಘಾಟನೆ ಗದಗಿನಲ್ಲಿ ನಡೆಯಿತು. ಶಾಲೆಯ ಹುಡುಗಿಯರು ಬಿಸಿಲಿನಲ್ಲಿ ಫಲಕ ಹಿಡಿದು ನಿಂತಿದ್ದರು. ಭಾಷಣ ಮಾಡಿದವರು ನಮ್ಮ ಭಾಗದ ಒಬ್ಬ ರಾಜಕಾರಣಿ. ಅವರ ಹುದ್ದೆ ಬರೆದರೆ ಹೆಸರು ಬರೆದಂತೆಯೇ. ಸಾಹೇಬರು ಎಂದಷ್ಟೇ ಹೇಳುತ್ತೇನೆ. ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಚಾಚಾ ಆಮೇಲೆ ತಿಂಗಳುಗಟ್ಟಲೆ ಅದನ್ನು ಅದೇ ಧಾಟಿಯಲ್ಲಿ ಅಣಕಿಸುತ್ತಿದ್ದರು.

“ಇದು ಮುಂಬೈ ಬ್ಯಾನಿ. ಇದು ಗೋವಾ ಬ್ಯಾನಿ. ನಮ್ಮ ಮಣ್ಣಾಗ ಇದು ಹುಟ್ಟೂದಿಲ್ಲ. ನಮ್ಮ ಜಿಲ್ಲಾದಾಗ ಒಂದ, ಒಂದ ಕೇಸ್ ಇಲ್ಲಂತ ನಾ ಎದಿ ತಟ್ಟಿ ಹೇಳ್ತೀನಿ. ಹೊಸಾ ಜಿಲ್ಲಾ ಐತಿ, ಯಾರೂ ಹೆಸರ ಕೆಡಸಬ್ಯಾಡ್ರಿ!”

ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ ಎಂದು ಬರೆಯುವ ಆಸೆಯಿದೆ. ತಟ್ಟಿರುತ್ತೇನೆ.

ಆ ಹಳ್ಳಿಗೆ ನಾವು ಹೋದದ್ದು ಬೆಳಿಗ್ಗೆಯ ಬಸ್ಸಿಗೆ. ಚಾಚಾನಿಗೆ ಗೋಡೆಯ ವಿಷಯದಲ್ಲಿ ಒಂದು ನೇಮವಿತ್ತು. ಮುಂಜಾನೆ ಪಡುವಣದ ಗೋಡೆ, ಮಧ್ಯಾಹ್ನದ ಮೇಲೆ ಮೂಡಣದ ಗೋಡೆ. ನೆರಳು ಇರುವ ಕಡೆ ಬರೆದರೆ ಬಣ್ಣ ಒಡೆಯುವುದಿಲ್ಲ, ಬೆನ್ನೂ ಸುಡುವುದಿಲ್ಲ. ಅವರು ಪಂಚಾಯಿತಿ ಕಟ್ಟಡದ ಗೋಡೆ ತೋರಿಸಿದರು. ಆದರೆ ಅದು ಗಲ್ಲಿಯ ಒಳಗಿತ್ತು. ಬಸ್ಸು ನಿಲ್ಲುವ ಜಾಗದ ಎದುರಿಗೇ ಒಂದು ಮನೆಯಿತ್ತು, ಹೊಸದಾಗಿ ಸುಣ್ಣ ಬಳಿದಿದ್ದರು. ಬಸ್ಸಿನಲ್ಲಿ ಕೂತವರಿಗೂ ಓದಲು ಬರುವಂಥ ಗೋಡೆ. ಅದರ ಮೇಲೇ ಬರೆಸಿದೆವು.

ನನ್ನ ನೆನಪಿನಲ್ಲಿ ಆ ಮನೆಯ ಹೆಣ್ಣುಮಗಳು ಹೊರಗೆ ಬಂದು, “ಬರೀರಿ, ಬರೀರಿ, ಸರಕಾರದ ಕೆಲಸ ಅಲ್ಲೇನು,” ಎಂದು ನಮಗೆ ಚಹಾ ಕೊಡುತ್ತಾಳೆ. ಬಸಿಯಲ್ಲಿ ಚಹಾದ ಮೇಲೆ ಕೆನೆ ಕಟ್ಟಿದ್ದು ಕೂಡ ಕಣ್ಣಿಗೆ ಕಟ್ಟಿದಂತಿದೆ. ಚಾಚಾ ಇದನ್ನು ಒಪ್ಪುವುದಿಲ್ಲ. “ಯಾವ ಚಹಾ ಸರ? ಬಾಗಲಕ್ಕ ಕೀಲಿ ಇತ್ತು. ಆಕಿ ಅಂಗನವಾಡ್ಯಾಗ ಇದ್ಲು. ನಾ ನಿಮಗ ಅಂದ್ಯಾ, ಯಾರ ಮನಿನೋ ಏನೋ ಕೇಳೂಣು ಅಂತ. ನೀವು ಅಂದ್ರಿ, ಗೋರ್ಮೆಂಟ ಬರಹಕ್ಕ ಯಾರನ್ನ ಕೇಳೂದು ಅಂತ.” ಈ ಮಾತು ನಾನು ಆಡಿರಲಾರೆ ಎಂದು ಅನ್ನಿಸುತ್ತದೆ. ಆದರೆ ಕೀಲಿಯ ವಿಷಯದಲ್ಲಿ ಸುಳ್ಳು ಹೇಳಿ ಚಾಚಾನಿಗೆ ಆಗಬೇಕಾದ್ದೇನೂ ಇಲ್ಲ.

ಅಲ್ಲಿ ನಾನು ಮಾಡಿದ ತಪ್ಪೇನು ಎಂದು ತಿಳಿಯಬೇಕಾದರೆ ನಮ್ಮ ಹಳ್ಳಿಗಳಲ್ಲಿ ಮಲೇರಿಯಾದವನು ಮಾಡುತ್ತಿದ್ದ ಕೆಲಸ ಗೊತ್ತಿರಬೇಕು. ಖಾಕಿ ಚೀಲ ಹಾಕಿಕೊಂಡು ಅವನು ಮನೆಮನೆಗೆ ಬರುತ್ತಿದ್ದ. ಜ್ವರ ಇದೆಯೇ ಎಂದು ಕೇಳುವನು. ಇದ್ದರೆ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಒರೆಸಿಕೊಳ್ಳುವನು. ಹೋಗುವಾಗ ಬಾಗಿಲ ಪಕ್ಕದ ಗೋಡೆಗೆ ತಾರೀಖು ಬರೆಯುವನು. ಜ್ವರ ಇದ್ದ ಮನೆಗೆ ಮೇಲೊಂದು ಗುರುತು ಹಾಕುವನು. ಆರೋಗ್ಯ ಇಲಾಖೆ ಒಂದು ಮನೆಯ ಗೋಡೆಗೆ ಏನಾದರೂ ಬರೆಯಿತು ಎಂದರೆ ಆ ಮನೆಯೊಳಗೆ ಏನೋ ಸಿಕ್ಕಿದೆ ಎಂದರ್ಥ. ಓದು ಬಾರದವರಿಗೂ ಈ ಲಿಪಿ ಗೊತ್ತಿತ್ತು. ಓದು ಬಂದ ನನಗೇ ಗೊತ್ತಿರಲಿಲ್ಲ. ಗೊತ್ತಿತ್ತು ಎನ್ನುವುದೇ ಸರಿ. ನಮ್ಮ ಮನೆಯ ಬಾಗಿಲ ಪಕ್ಕದಲ್ಲೂ ಅಂಥ ತಾರೀಖುಗಳಿದ್ದವು. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವ ಬುದ್ಧಿ ಅಂದು ಬರಲಿಲ್ಲ, ಅಷ್ಟೇ.

ಮೇಲಾಗಿ ಆ ಮನೆಯ ಗಂಡಸು ಗೋವಾಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ, ಸೊರಗಿ ಬಂದು, ಹಿಂದಿನ ವರ್ಷ ತೀರಿಕೊಂಡಿದ್ದ. ಇದು ಗೋಡೆ ಆರಿಸುವಾಗ ನನಗೆ ಗೊತ್ತಿರಲಿಲ್ಲ. ಈ ಒಂದು ವಾಕ್ಯವನ್ನು ಅನುಮಾನವಿಲ್ಲದೆ ಬರೆಯಬಲ್ಲೆ.

ಎಷ್ಟೋ ದಿನಗಳ ಮೇಲೆ, ಹದಿನೈದೋ ಇಪ್ಪತ್ತೋ, ಫೋಟೋ ಸರಿಯಾಗಿ ಬಂದಿಲ್ಲವೆಂದು ಮತ್ತೆ ಆ ಊರಿಗೆ ಹೋದೆ. ಬಸ್ಸಿನಿಂದ ಇಳಿದವನಿಗೆ ಗೋಡೆ ಕಾಣಲಿಲ್ಲ. ಗೋಡೆಯ ತುಂಬ ಕುಳ್ಳು. ಸಾಲಾಗಿ, ಒತ್ತೊತ್ತಾಗಿ, ಒಂದೊಂದರ ಮೇಲೂ ಐದು ಬೆರಳಿನ ಗುರುತು ಮೂಡುವಂತೆ ಸಗಣಿ ತಟ್ಟಿದ್ದರು. ನಡುವೆ ಒಂದು ಕಡೆ ತಲೆಬುರುಡೆಯ ಒಂದೇ ಕಣ್ಣು ಇಣುಕುತ್ತಿತ್ತು.

ಅವಳು ಕಟ್ಟೆಯ ಮೇಲೆ ಕೂತಿದ್ದಳು. ಅಂಗನವಾಡಿಗೆ ಹೋಗಬೇಕಾದ ಹೊತ್ತು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಕೈಯೆಲ್ಲ ಸಗಣಿ.

“ಇದನ್ನ ಬರೆಸಿದಾವ ನೀನ ಏನು?” ಎಂದಳು. ಬಹುವಚನ ಇಲ್ಲ.

ಹೌದು ಎಂದೆ.

“ಬಾ, ಕುಂಡ್ರು. ಏನ ಓದೀಯೋ ತಮ್ಮಾ?”

“ಎಂ.ಎ. ಅಕ್ಕಾ.”

“ಎಂ.ಎ. ಓದಿದಾವಗ ಪಂಚಾಯ್ತಿ ಗ್ವಾಡಿ ಕಾಣಲಿಲ್ಲ? ಶಾಲಿ ಗ್ವಾಡಿ ಕಾಣಲಿಲ್ಲ? ರಂಡಿ ಮುಂಡಿ ಗ್ವಾಡಿನ ಕಂಡ್ತು?”

ಏನಾಯಿತೆಂದು ಅವಳೇ ಹೇಳಿದಳು. ಊರವರು ಮಕ್ಕಳನ್ನು ಅಂಗನವಾಡಿಗೆ ಕಳಿಸುವುದನ್ನು ನಿಲ್ಲಿಸಿದ್ದರು. ಅವಳ ಕೈಯ ಉಪ್ಪಿಟ್ಟು ಮಕ್ಕಳಿಗೆ ಬೇಡ ಎಂದು ಅರ್ಜಿ ಕೊಟ್ಟಿದ್ದರು. ಮುಂಡರಗಿಯಿಂದ ಬರುವ ಮೇಲ್ವಿಚಾರಕಿ ಬಾಗಿಲಲ್ಲೇ ತಡೆದು, “ಸ್ವಲ್ಪ ದಿನ ಮನ್ಯಾಗ ಇರವಾ,” ಎಂದಿದ್ದರು. ಎಷ್ಟು ದಿನ ಎಂದು ಹೇಳಿರಲಿಲ್ಲ. ಅಂಗನವಾಡಿ ಸಹಾಯಕಿಯ ಆ ಕೆಲಸ ಬಿಟ್ಟರೆ ಅವಳಿಗೆ ಬೇರೆ ಏನೂ ಇರಲಿಲ್ಲ. ಒಂದು ಎಕರೆ ಹೊಲ ಮೈದುನನ ಕೈಯಲ್ಲಿತ್ತು. ಒಬ್ಬಳು ಮಗಳು ಏಳನೇ ಇಯತ್ತೆಯಲ್ಲಿದ್ದಳು. ಈ ಕೆಲಸ ಹೋದರೆ ಅವಳನ್ನು ಶಾಲೆ ಬಿಡಿಸಿ ತಾನೂ ಮಗಳೂ ಗೋವಾದ ದಾರಿ ಹಿಡಿಯಬೇಕು ಎಂದಳು. ಗಂಡ ಹೋದ ದಾರಿ ಅದೇ.

“ಅಳಿಸಿಬಿಡ್ತೀವಿ ಅಕ್ಕಾ. ಸುಣ್ಣ ಬಳಿಸ್ತೀನಿ.”

“ಸುಣ್ಣಾ ಬಳದ್ರ ಒಳಗಿಂದ ಕಾಣ್ತೈತಿ. ಸಗಣಿ ಗಟ್ಟಿ. ನಿನ್ನ ಸರಕಾರದ ಬಣ್ಣಕ್ಕ ಇದ ಬರೋಬ್ಬರಿ.”

ನನ್ನ ಕಥೆಯ ಹಳೆಯ ಆವೃತ್ತಿಯಲ್ಲಿ ಆಗ ನಾನು ಎದ್ದು, “ನಡೀರಿ ಮುಂಡರಗಿಗೆ,” ಎನ್ನುತ್ತೇನೆ. ನಿಜವಾಗಿ ಎದ್ದವಳು ಅವಳು ಎಂದು ಈಗ ತೋರುತ್ತದೆ. ಕೈ ತೊಳೆದು, ಸೀರೆ ಬದಲಿಸಿ ಬಂದು, “ಎಂ.ಎ. ಐತಲ್ಲ, ಬಾ. ಅಲ್ಲಿ ಇಂಗ್ಲಿಷ್ ಮಾತಾಡಿದ್ರ ನೀ ತಿಳಿಸಿ ಹೇಳು,” ಎಂದಳು. ಮಧ್ಯಾಹ್ನದ ಬಸ್ಸಿಗೆ ಹೋದೆವು. ಅವಳು ಹೆಂಗಸರ ಸೀಟಿನಲ್ಲಿ ಕೂತಳು. ಆ ಊರಿನಿಂದಲೇ ಹತ್ತಿದ ಇನ್ನೊಬ್ಬಳು ಎದ್ದು ನಿಂತು ಮುಂಡರಗಿವರೆಗೂ ನಿಂತೇ ಬಂದಳು. ಇದು ನನಗೆ ನೆನಪಿದೆ. ಇದನ್ನು ಯಾರೂ ತಿದ್ದಿಲ್ಲ.

ಮೇಲ್ವಿಚಾರಕಿ ಕೆಟ್ಟವರಲ್ಲ. ಮೇಜಿನ ಮೇಲೆ ಊಟದ ಡಬ್ಬಿ ತೆರೆದಿತ್ತು, ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಊರವರ ಅರ್ಜಿ ಅದೇ.

“ನೋಡವಾ, ಊರಾಗಿನ ಮಂದಿ ಬ್ಯಾಡಂದ್ರ ನಾ ಏನ ಮಾಡ್ಲಿ? ನಿನ್ನ ಚಲೋಕ್ಕ ಹೇಳಾಕತ್ತೀನಿ.”

“ನನಗ ಏನ ಆಗೇತ್ರಿ ಬಾಯಾರ?”

“ಅದು... ಎಲ್ಲಾರಿಗೂ ಗೊತ್ತೈತಲ್ಲ.”

“ನನಗ ಗೊತ್ತಿಲ್ಲರಿ. ಬರದು ಕೊಡ್ರಿ. ‘ಇಂಥಾ ಬ್ಯಾನಿ ಐತಿ, ಅದಕ್ಕ ಕೆಲಸಾ ಬಿಡಸೇವಿ’ ಅಂತ ಬರದು, ಶಿಕ್ಕಾ ಹೊಡದು ಕೊಡ್ರಿ. ನಾ ಮನಿಗೆ ಹೋಗ್ತೀನಿ.”

ಮೇಲ್ವಿಚಾರಕಿ ನನ್ನ ಮುಖ ನೋಡಿದರು. ಆಗ ನನಗೂ ಹೊಳೆಯಿತು. ಬರೆದು ಕೊಡುವ ಹಾಗಿರಲಿಲ್ಲ. ಬರೆದರೆ ಜಿಲ್ಲೆಯಲ್ಲಿ ಒಂದು ಆಗುತ್ತದೆ. ಸಾಹೇಬರು ಎದೆ ತಟ್ಟಿ ಹೇಳಿದ ಸೊನ್ನೆ ಮುಂಡರಗಿ ತಾಲೂಕಿನ ಒಬ್ಬ ಮೇಲ್ವಿಚಾರಕಿಯ ಸಹಿಯಿಂದ ಒಡೆಯುತ್ತದೆ. ಇಲ್ಲದ ರೋಗಕ್ಕೆ ಕೆಲಸ ಕಳೆಯಬಹುದು, ಆದರೆ ಬಾಯಿಮಾತಿನಲ್ಲಿ ಮಾತ್ರ.

“ಹಂಗೆಲ್ಲಾ ಬರದು ಕೊಡಾಕ ಬರೂದಿಲ್ಲವಾ,” ಎಂದರು.

“ಬರದು ಕೊಡೂತನಕ ನಾ ದಿನಾ ಬಾಗಲಕ್ಕ ಬರ್ತೀನ್ರಿ,” ಎಂದಳು ಇವಳು. ಮತ್ತೆ ಹಾಗೆಯೇ ಮಾಡಿದಳು. ದಿನವೂ ಬೆಳಿಗ್ಗೆ ಹೋಗಿ ಅಂಗನವಾಡಿಯ ಬಾಗಿಲಿನ ಹೊರಗೆ ಕೂರುವುದು. ಒಳಗೆ ಬಿಡದಿದ್ದರೆ ಮಧ್ಯಾಹ್ನ ಎದ್ದು ಬಂದು ಕುಳ್ಳು ತಟ್ಟುವುದು. ಗೋಡೆಯಲ್ಲಿ ಜಾಗ ಮುಗಿದಾಗ ಒಣಗಿದ್ದನ್ನು ಕಿತ್ತು ಹೊಸದನ್ನು ತಟ್ಟುತ್ತಿದ್ದಳಂತೆ. ಬರಹ ಒಂದು ದಿನವೂ ಗಾಳಿಗೆ ತೆರೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನಿಂದ ಇಬ್ಬರು ಅಧಿಕಾರಿಗಳು ಪ್ರಚಾರದ ಕೆಲಸ ನೋಡಲು ಬರುತ್ತಾರೆ, ಸಾಹೇಬರೂ ಜೊತೆಯಲ್ಲಿರುತ್ತಾರೆ ಎಂದು ಸುದ್ದಿ ಬಂತು. ನಾನು ಕೊಟ್ಟ ಗೋಡೆಗಳ ಪಟ್ಟಿಯಲ್ಲಿ ಆ ಊರಿನದು ಮೊದಲಿತ್ತು, ರಸ್ತೆ ಚೆನ್ನಾಗಿತ್ತು ಎಂಬ ಕಾರಣಕ್ಕೆ. ಕುಳ್ಳಿನ ವಿಷಯ ಗೊತ್ತಿದ್ದೂ ನಾನು ಪಟ್ಟಿ ಬದಲಿಸಲಿಲ್ಲ. ಬೇಕೆಂದೇ ಬದಲಿಸಲಿಲ್ಲ, ಅವರನ್ನೆಲ್ಲ ಆ ಗೋಡೆಯ ಎದುರು ತಂದು ನಿಲ್ಲಿಸಬೇಕೆಂದಿತ್ತು ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಮರೆತೆ ಎಂಬುದು ಹೆಚ್ಚು ಸಂಭವ.

ಎರಡು ಜೀಪು, ಒಂದು ಕಾರು. ಹಿಂದಿನ ಜೀಪಿನಲ್ಲಿ ಮುಂಡರಗಿಯ ಮೇಲ್ವಿಚಾರಕಿಯೂ ಬಂದಿದ್ದರು. ಸಾಹೇಬರು ಇಳಿದು ಧೂಳು ಝಾಡಿಸಿಕೊಂಡರು. ಚಾಚಾ ಹೊಸ ಬ್ರಶ್ಶು ಹಿಡಿದು ನನ್ನ ಪಕ್ಕದಲ್ಲಿದ್ದರು, ಅಕ್ಷರ ಮಾಸಿದ್ದರೆ ತಿದ್ದಲೆಂದು ಕರೆಸಿದ್ದರು.

“ಎಲ್ಲೈತ್ರಿ ಬರಹ?”

ನಾನು ಕೈ ತೋರಿಸಿದೆ. ಎಲ್ಲರೂ ಕುಳ್ಳು ನೋಡುತ್ತ ನಿಂತರು.

“ಸರ, ಇದನ್ನ ಹೆಂಗ ತಿದ್ಲಿ?” ಎಂದು ಚಾಚಾ ನನ್ನ ಕಿವಿಯಲ್ಲಿ ಕೇಳಿದರು.

“ಯಾರ ಮನಿ ಇದು?” ಸಾಹೇಬರ ದನಿ ಏರಿತು. “ಸರಕಾರ ಬರದದ್ದರ ಮ್ಯಾಲ ಸಗಣಿ ಹಚ್ಚಾಕ ಎಷ್ಟ ಸೊಕ್ಕು!”

ಅವಳು ತಲೆಯ ಮೇಲೆ ಸೆರಗು ಹಾಕಿಕೊಂಡು ಬಂದಳು. ಊರು ಹಿಂದೆ ನೆರೆದಿತ್ತು.

“ನನ್ನ ಗ್ವಾಡಿರೀ ಸಾಹೇಬ್ರ. ನನ್ನ ಗಂಡ ಕಟ್ಟಿಸಿದ್ದು. ಸರಕಾರ ಬರದಿದ್ದು ನನ್ನ ಕೇಳಿ ಅಲ್ಲ, ನಾ ತಟ್ಟಿದ್ದೂ ಸರಕಾರನ್ನ ಕೇಳಿ ಅಲ್ಲ.”

ಯಾರೋ ನಕ್ಕರು. ಸಾಹೇಬರು ಬೆಂಗಳೂರಿನವರ ಕಡೆ ನೋಡಿ ತಾವೂ ಸ್ವಲ್ಪ ನಕ್ಕರು.

“ಒಂದ ಮಾತ ಕೇಳ್ತೀನ್ರಿ. ನಮ್ಮ ಜಿಲ್ಲಾದಾಗ ಆ ಬ್ಯಾನಿ ಐತೇನ್ರಿ?”

“ಇಲ್ಲವಾ. ಒಂದೂ ಇಲ್ಲ. ಗದಗಿನಾಗ ಭಾಷಣ ಮಾಡಿ ಹೇಳೇನಲ್ಲ.”

“ನಮ್ಮೂರಾಗ?”

“ಜಿಲ್ಲಾದಾಗ ಇಲ್ಲಂದಮ್ಯಾಲ ನಿಮ್ಮೂರಾಗ ಎಲ್ಲಿಂದ ಬರ್ತೈತಿ?”

“ನನಗ?”

ಸಾಹೇಬರು ಮತ್ತೆ ಗೋಡೆಯ ಕಡೆ ನೋಡಿದರು.

“ನನಗ ಐತಿ ಅಂತ ಈ ಬಾಯಾರು ಅಂಗನವಾಡಿ ಬಾಗಲಾಗ ನಿಂದ್ರಸ್ಯಾರ್ರಿ. ಐತಿ ಅಂದ್ರ ನೀವ ಬರದು ಕೊಡ್ರಿ, ಈ ಬೆಂಗಳೂರ ಸಾಹೇಬ್ರ ಮುಂದನ ಸಹಿ ಮಾಡ್ರಿ. ಇಲ್ಲಂದ್ರ ನಾಳಿ ಮುಂಜಾನಿ ನಾ ಒಲಿ ಹಚ್ಚತೀನಿ. ಎರಡರಾಗ ಒಂದ ಹೇಳಿ ಹೋಗ್ರಿ.”

ಹಿಂದಿನಿಂದ ಒಬ್ಬ ಮುದುಕ ಕೂಗಿದ, “ಬರದು ಕೊಡ್ರಿ ಸಾಹೇಬ್ರ, ನಮಗೂ ಖರೆ ಯಾವುದು ಗೊತ್ತಾಗಲಿ!” ಅವಳ ಪರವಾಗಿ ಕೂಗಿದನೋ ವಿರೋಧವಾಗಿಯೋ ನನಗೆ ಇಂದಿಗೂ ಗೊತ್ತಿಲ್ಲ. ಬೆಂಗಳೂರಿನವರಲ್ಲೊಬ್ಬರು ಜೇಬಿನಿಂದ ಪೆನ್ನು ತೆಗೆದರು. ಏನು ಬರೆದುಕೊಳ್ಳಲಿಕ್ಕೋ. ಆ ಪೆನ್ನನ್ನು ಸಾಹೇಬರು ನೋಡಿದ್ದನ್ನು ನಾನು ನೋಡಿದೆ.

ತಟ್ಟನೆ ಅವರು ಮೇಲ್ವಿಚಾರಕಿಯ ಕಡೆ ತಿರುಗಿದರು.

“ಏನ ಬಾಯಾರ, ಬಡವರ ಹೊಟ್ಟಿ ಮ್ಯಾಲ ಹೊಡೀತೀರಿ? ಯಾರೋ ಏನೋ ಅಂದ್ರಂತ ಹೆಣ್ಣಮಗಳನ್ನ ಹೊರಗ ಹಾಕೂದ? ನಾಳಿಂದ ಆಕಿ ಬರ್ತಾಳ. ಆತು?”

“ಆತ್ರಿ,” ಎಂದರು ಮೇಲ್ವಿಚಾರಕಿ.

ಸಾಹೇಬರು ಹೀಗೆ ಒಂದು ನಿಮಿಷದಲ್ಲಿ ಬಡವರ ಬಂಧುವಾದರು. ಅವಳು ಒಳಗೆ ಹೋಗಿ ಚಂಬಿನಲ್ಲಿ ನೀರು ತಂದು ಅವರ ಮುಂದೆ ಹಿಡಿದಳು. ಫೋಟೋಗ್ರಾಫರನು ಮುಂದೆ ಬಂದ. ಅವರು ಕುಡಿದರು ಎಂದು ನನ್ನ ನೆನಪು. ಗಂಟಲು ಏರಿಳಿದದ್ದು ಕಂಡೆ ಎಂದುಕೊಂಡಿದ್ದೇನೆ. “ತುಟಿಗೆ ಹಚ್ಚಿ ಡ್ರೈವರನ ಕೈಯಾಗ ಕೊಟ್ರು,” ಎನ್ನುತ್ತಾರೆ ಚಾಚಾ. ಆ ಫೋಟೋ ಆಮೇಲೆ ಒಂದು ಪ್ರಚಾರ ಪುಸ್ತಕದಲ್ಲಿ ಅಚ್ಚಾಯಿತು. ಸಾಹೇಬರ ಕೈಯಲ್ಲಿ ಚಂಬು, ಚಂಬಿನ ಇನ್ನೊಂದು ಪಕ್ಕದಲ್ಲಿ ಬಳೆಯಿಲ್ಲದ ಒಂದು ಕೈ. ಅವಳ ಮುಖ ಕತ್ತರಿಸಿದ್ದರು. ಕುಡಿದರೋ ಇಲ್ಲವೋ ಫೋಟೋದಿಂದ ತಿಳಿಯುವುದಿಲ್ಲ. ಕೆಳಗೆ ಬರೆದಿದ್ದರು: ಗೋಡೆಬರಹಗಳಿಂದ ಗ್ರಾಮಗಳಲ್ಲಿ ಮೂಡಿದ ಜಾಗೃತಿ.

ಮರುದಿನ ಅವಳು ಒಲೆ ಹಚ್ಚಿದಳು. ಮೊದಲ ವಾರ ಬಂದದ್ದು ಐದು ಮಕ್ಕಳು. ಮಳೆಗಾಲ ಬರುವ ಹೊತ್ತಿಗೆ ಹೊಲಕ್ಕೆ ಹೋಗುವ ತಾಯಂದಿರಿಗೆ ಮಕ್ಕಳನ್ನು ಬಿಡಲು ಬೇರೆ ಜಾಗವಿರಲಿಲ್ಲ. ಎಲ್ಲ ಮಕ್ಕಳೂ ಬಂದವು. ಅದನ್ನೂ ಜಾಗೃತಿ ಎಂದು ಯಾರಾದರೂ ಬರೆದುಕೊಂಡಿರಬೇಕು.

ಅವಳಿಗೆ ರೋಗ ಇತ್ತೋ ಇಲ್ಲವೋ ಎಂದು ಕೇಳುವವರಿದ್ದಾರೆ. ಎಲ್ಲಿ ಹೇಳಿದರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ನಾನೂ ಒಮ್ಮೆ ಅವಳನ್ನೇ ಕೇಳಿದ್ದೆ, ಹುಬ್ಬಳ್ಳಿಗೆ ಹೋಗಿ ತಪಾಸಣೆ ಮಾಡಿಸಿದಿರಾ ಎಂದು. “ಮತ್ತೊಂದ ಗ್ವಾಡಿ ಬರೀಬೇಕೇನು?” ಎಂದಳು. ಅಂದಿನಿಂದ ಆ ಪ್ರಶ್ನೆಯನ್ನು ನಾನು ಬಿಟ್ಟಿದ್ದೇನೆ. ನೀವೂ ಬಿಡಿ. ಉಪ್ಪಿಟ್ಟಿನಿಂದ ಆ ರೋಗ ಬರುವುದಿಲ್ಲ, ಇದ್ದರೂ ಬರುವುದಿಲ್ಲ. ಆ ಗೋಡೆಯ ಮೇಲೆ ಬುರುಡೆಯ ಜಾಗದಲ್ಲಿ ಬರೆಯಬೇಕಾಗಿದ್ದ ಮಾತು ಅದೊಂದೇ.

ಸಾಹೇಬರ ಸೊನ್ನೆ ಅವಳ ಕೆಲಸ ಉಳಿಸಿತು ಎಂದು ಆ ಸೊನ್ನೆಗೆ ನಾನು ಕೈ ಮುಗಿಯುವುದಿಲ್ಲ. ಉಳಿಸಿದ್ದು ಸೊನ್ನೆಯಲ್ಲ, ಅದರ ಕುತ್ತಿಗೆಪಟ್ಟಿ ಹಿಡಿದ ಅವಳ ಕೈ. ಆ ಸೊನ್ನೆಯ ಒಳಗೆ ಬೇರೆ ಮನೆಗಳೂ ಇದ್ದವು. ಗೋವಾದಿಂದ, ಮುಂಬೈಯಿಂದ ಸೊರಗಿ ಬಂದು, ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸಿಗದೆ, ಕ್ಷಯ ಎಂದೋ ಮಾಟ ಎಂದೋ ಹೇಳಿಸಿಕೊಂಡು ಸತ್ತವರಿದ್ದರು. ಅವರು ಇಲ್ಲ ಎಂದು ಬರೆದ ಹಾಳೆಗಳಲ್ಲಿ ಕೆಲವಕ್ಕೆ ನನ್ನ ಸಹಿ ಇದೆ. ಮುಂದೆ ಗುಳಿಗೆಗಳು ಬಂದವು, ತಪಾಸಣೆ ಹತ್ತಿರವಾಯಿತು, ಬುರುಡೆಗಳು ಗೋಡೆಗಳಿಂದ ಮಾಯವಾದವು. ಬುರುಡೆ ಬರೆಸಿದ್ದು ತಪ್ಪಾಯಿತು ಎಂದು ಒಂದು ಆದೇಶವೂ ಬಂದದ್ದನ್ನು ನಾನು ಕಾಣಲಿಲ್ಲ. ಆದೇಶ ಬರುವುದಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಕಳೆದ ವರ್ಷ ಬೆಟಗೇರಿಗೆ ಹೋಗಿ ಚಾಚಾನನ್ನು ಕಂಡೆ. ಕೈ ನಡುಗುತ್ತದೆ, ಬ್ರಶ್ಶು ಹಿಡಿಯುವುದಿಲ್ಲ. ನಾನು ಹಳೆಯ ಕಥೆ ತೆಗೆದೆ. ಊರಲ್ಲಿ ಸುದ್ದಿ ಮೊದಲೇ ಇತ್ತು ಅಲ್ಲವಾ ಚಾಚಾ, ನಾವು ಹೋಗುವ ಮೊದಲೇ?

“ನೀವ ಹಂಗ ಹೇಳ್ತೀರಿ ಸರ,” ಎಂದರು. “ಎಷ್ಟ ಸಲ ಹೇಳಿದ್ರೀ ಅಂದ್ರ ನನಗೂ ಖರೆ ಅನಸಾಕತ್ತಿತ್ತು.” ಆಮೇಲೆ ಎದ್ದು, ಟ್ರಂಕಿನಿಂದ ಒಂದು ವಹಿ ತೆಗೆದರು. ಯಾವ ಊರು, ಯಾವ ದಿಕ್ಕಿನ ಗೋಡೆ, ಯಾವ ತಾರೀಖು ಎಂದು ಅವರು ಬರೆದಿಡುತ್ತಿದ್ದರು, ಮತ್ತೆ ತಿದ್ದಲು ಹೋಗುವಾಗ ನೆರಳಿನ ಹೊತ್ತು ಗೊತ್ತಿರಲೆಂದು. ಆ ಊರಿನ ಸಾಲನ್ನು ನಾನು ಚೀಟಿಗೆ ಇಳಿಸಿಕೊಂಡೆ. ಮರುದಿನ ಮುಂಡರಗಿಯ ಬಸ್ಸು ಹತ್ತಿದೆ.

ಅವಳು ಇದ್ದಾಳೆ. ಅಂಗನವಾಡಿಯಲ್ಲಿ ವಯಸ್ಸಾಗುವವರೆಗೂ ಕೆಲಸ ಮಾಡಿ ಬಿಟ್ಟಿದ್ದಾಳೆ. ಮಗಳು ಶಿರಹಟ್ಟಿಯಲ್ಲಿ ಶಾಲೆಯ ಅಕ್ಕೋರು. ಗೋಡೆಗೆ ಈಗ ಸಿಮೆಂಟಿನ ಗಿಲಾವು. ನಾನು ಬಂದ ಕಾರಣ ಕೇಳಿ ಅವಳು ನಕ್ಕಳು.

“ಇಷ್ಟ ವರ್ಷ ನಿನಗ ಗೊತ್ತಿರಲಿಲ್ಲೇನೋ ತಮ್ಮಾ? ನಾ ಗೊತ್ತಿದ್ದ ನಿನ್ನ ಮುಂಡರಗಿಗೆ ಎಳಕೊಂಡು ಹೋಗಿದ್ದೆ. ಮಾಡಿದಾವನ ಬರಲಿ ಅಂತ.”

ಸಾಹೇಬರು ಬಂದುಹೋದ ಮೇಲೆ ಮೇಲ್ವಿಚಾರಕಿ ಆ ಅರ್ಜಿಯನ್ನು ಕಡತಕ್ಕೆ ಸೇರಿಸಲು ಹೆದರಿ, ಹರಿದು ಹಾಕಲೂ ಹೆದರಿ, ಇವಳ ಕೈಗೇ ಕೊಟ್ಟು ಕಳಿಸಿದ್ದರಂತೆ. ಇವಳು ಅದನ್ನು ಮಗಳ ಶಾಲೆಯ ದಾಖಲೆಗಳ ಜೊತೆ ಇಟ್ಟಿದ್ದಳು. ನಾಲ್ಕು ಮಡಿಕೆಗಳಲ್ಲೂ ಸವೆದಿತ್ತು. ಕಟ್ಟೆಯ ಮೇಲೆ ಕೂತು ಬಿಚ್ಚಿ, ಜೇಬಿನ ಚೀಟಿಯನ್ನು ಪಕ್ಕದಲ್ಲಿಟ್ಟು ನೋಡಿದೆ.

ಅರ್ಜಿಯ ತಾರೀಖು ನಾವು ಗೋಡೆ ಬರೆದ ಒಂಬತ್ತನೆಯ ದಿನದ್ದು. ಅದರ ಮೊದಲ ಸಾಲು ಹೀಗಿದೆ: ‘ಸದರಿ ಹೆಣ್ಣುಮಗಳ ವಿಷಯ ನಮಗೆ ಇದುವರೆಗೆ ಏನೂ ತಿಳಿದಿರಲಿಲ್ಲ, ಸರಕಾರದವರೇ ಬಂದು ಅವಳ ಮನೆಯ ಮೇಲೆ ಬರೆದುಹೋದ ಮೇಲೆ ನಮಗೆ ತಿಳಿದುಬಂದಿರುತ್ತದೆ.’